ರಾಣಿ ಟಾರ್ಪಾಲು ದಾಟಿದ ದಿನ

ನಮ್ಮ ಮನೆಯಲ್ಲಿ ದುಡಿಯುವವರು ಮೂವರು: ಅಪ್ಪ, ತಾತ ಮತ್ತು ರಾಣಿ. ಅಪ್ಪ ಗ್ಯಾರೇಜೊಂದರಲ್ಲಿ ಮೆಕ್ಯಾನಿಕ್. ತಾತ ಮೈಸೂರಿನ ಬೀದಿಗಳಲ್ಲಿ ನಲವತ್ತು ವರ್ಷಗಳಿಂದ ಟಾಂಗಾ ಓಡಿಸುತ್ತಿದ್ದಾರೆ. ಆ ಟಾಂಗಾ ಎಳೆಯುವ ಕಂದು ಬಣ್ಣದ ಹೆಣ್ಣು ಕುದುರೆಯೇ ರಾಣಿ. ನಾನು ಬಿಇ ಓದುತ್ತಿರುವ ಶುಲ್ಕದಲ್ಲಿ ಅದರ ದುಡಿಮೆಯ ಪಾಲೂ ಇದೆ.

ಕಳೆದ ವರ್ಷ ಜೂನ್ ತಿಂಗಳ ಒಂದು ಸಂಜೆ. ಅರಮನೆ ನೋಡಲು ಬಂದಿದ್ದ ಪ್ರವಾಸಿಗರನ್ನು ಇಳಿಸಿ ತಾತ ಖಾಲಿ ಗಾಡಿಯಲ್ಲಿ ಮನೆಗೆ ಬರುತ್ತಿದ್ದರು. ಮಳೆಗಾಳಿ ಎದ್ದಿತ್ತು. ರಸ್ತೆ ಬದಿಯ ತರಕಾರಿ ಗಾಡಿಗೆ ಹೊದಿಸಿದ್ದ ನೀಲಿ ಟಾರ್ಪಾಲು ಹಗ್ಗ ಬಿಚ್ಚಿಕೊಂಡು, ಪಟಪಟನೆ ಬಡಿದು, ಹಾರಿ ಬಂದು ರಾಣಿಯ ಮುಖಕ್ಕೆ ಸುತ್ತಿಕೊಂಡಿತು. ಮುಂದಿನದು ಕೆಲವೇ ಸೆಕೆಂಡುಗಳ ಮಾತು. ಬೆದರಿ ಓಡಿದ ಕುದುರೆ ಗಾಡಿಯನ್ನು ರಸ್ತೆ ವಿಭಜಕಕ್ಕೆ ಗುದ್ದಿತು. ತಾತನ ಬಲಗೈ ಮಣಿಕಟ್ಟಿನ ಮೂಳೆ ಮುರಿಯಿತು. ರಾಣಿಯ ಮಂಡಿ ತರಚಿತು. ಗಾಡಿಯಲ್ಲಿ ಮಕ್ಕಳು ಯಾರೂ ಇರಲಿಲ್ಲ ಎಂದು ಅಜ್ಜಿ ಇವತ್ತಿಗೂ ಕೈಮುಗಿಯುತ್ತಾರೆ.

ಗಾಯ ಎರಡು ವಾರದಲ್ಲಿ ಒಣಗಿತು. ಹೆದರಿಕೆ ಒಣಗಲಿಲ್ಲ. ಟಾರ್ಪಾಲು ಕಂಡರೆ ರಾಣಿ ನಿಂತಲ್ಲೇ ನಡುಗುತ್ತಿತ್ತು. ಆಮೇಲೆ ಪ್ಲಾಸ್ಟಿಕ್ ಚೀಲಕ್ಕೂ ಹೆದರಿತು. ಕೊಡೆ ಬಿಚ್ಚಿದರೂ, ಕಟ್ಟಿದ ಫ್ಲೆಕ್ಸ್ ಅಲುಗಾಡಿದರೂ ಹಿಂದೆ ಹಿಂದೆ ಸರಿಯುತ್ತಿತ್ತು. ಇವು ಯಾವುದೂ ಇಲ್ಲದ ಬೀದಿ ನಮ್ಮ ಊರಲ್ಲಿ ಎಲ್ಲಿದೆ?

‘ಮಾರಿಬಿಡೋಣ’ ಎಂದರು ಅಪ್ಪ. ಮದುವೆ ಮೆರವಣಿಗೆಗೆ ಕುದುರೆಗಳನ್ನು ಬಾಡಿಗೆಗೆ ಕೊಡುವವರೊಬ್ಬರು ಬಂದು ನೋಡಿಕೊಂಡೂ ಹೋದರು. ಕೊಡೆಗೆ ಹೆದರುವ ಕುದುರೆ ಬ್ಯಾಂಡ್‌ಸೆಟ್ಟು, ಪಟಾಕಿಗಳ ನಡುವೆ ಏನಾಗುತ್ತದೆ ಎಂದು ಯಾರೂ ಬಾಯಿ ಬಿಟ್ಟು ಹೇಳಲಿಲ್ಲ. ತಾತ ಪ್ಲಾಸ್ಟರ್ ಹಾಕಿದ ಕೈಯನ್ನು ತೊಡೆಯ ಮೇಲಿಟ್ಟುಕೊಂಡು ಸುಮ್ಮನೆ ಕೂತಿದ್ದರು. ಕೊನೆಗೆ ಇಷ್ಟೇ ಹೇಳಿದರು: ‘ದಸರಾವರೆಗೆ ನೋಡೋಣ.’

ದಸರಾಕ್ಕೆ ಇನ್ನೂ ಎರಡೂವರೆ ತಿಂಗಳಿತ್ತು. ನನ್ನ ನಾಲ್ಕನೇ ಸೆಮಿಸ್ಟರ್ ಪರೀಕ್ಷೆ ಆಗಷ್ಟೇ ಮುಗಿದಿತ್ತು. ‘ನಾನು ಸರಿ ಮಾಡ್ತೀನಿ ತಾತ’ ಎಂದೆ.

ನಾನು ಮಾಡಿದ ತಪ್ಪು

ಸರಿ ಮಾಡುವುದಿರಲಿ, ಮೊದಲ ದಿನವೇ ಇನ್ನಷ್ಟು ಕೆಡಿಸಿದೆ.

ನನ್ನ ತಲೆಯಲ್ಲಿದ್ದ ಲೆಕ್ಕ ಸರಳವಾಗಿತ್ತು. ಟಾರ್ಪಾಲಿನಿಂದ ಏನೂ ಆಗುವುದಿಲ್ಲ ಎಂದು ಗೊತ್ತಾದರೆ ಹೆದರಿಕೆ ಹೋಗುತ್ತದೆ. ಗೊತ್ತಾಗಬೇಕಾದರೆ ಟಾರ್ಪಾಲು ಎದುರಿಗಿರಬೇಕು. ರಾಣಿಯನ್ನು ಹಿತ್ತಲಿನ ಬೇವಿನ ಮರಕ್ಕೆ ಬಿಗಿಯಾಗಿ ಕಟ್ಟಿದೆ. ನೀಲಿ ಟಾರ್ಪಾಲು ತಂದು ಮುಖದ ಮುಂದೆಯೇ ಕೊಡವತೊಡಗಿದೆ. ಅದು ಹಗ್ಗ ಜಗ್ಗಿತು, ಹಿಂಗಾಲಲ್ಲಿ ಎದ್ದಿತು, ಕಣ್ಣಿನ ಬಿಳಿ ಕಾಣುವಂತೆ ತಲೆ ತಿರುವಿತು. ನಾನು ನಿಲ್ಲಿಸಲಿಲ್ಲ. ಹತ್ತು ನಿಮಿಷದ ಮೇಲೆ ಜಗ್ಗುವುದನ್ನು ಬಿಟ್ಟು, ತಲೆ ತಗ್ಗಿಸಿ, ಕಲ್ಲಿನಂತೆ ನಿಂತಿತು. ಗೆದ್ದೆ ಅಂದುಕೊಂಡೆ.

ಪಕ್ಕದ ಮನೆಯ ಕಾಂಪೌಂಡಿನ ಆಚೆಯಿಂದ ಒಬ್ಬರು ಇದನ್ನೆಲ್ಲ ನೋಡುತ್ತಿದ್ದರು. ಅಶ್ವಾರೋಹಿ ಪೊಲೀಸ್ ದಳದಲ್ಲಿ ದುಡಿದು ನಿವೃತ್ತರಾದವರು. ನಮ್ಮ ಬೀದಿಯವರಿಗೆಲ್ಲ ಅವರು ದಫೇದಾರ್ ತಾತ. ಅವರು ಬೈಯಲಿಲ್ಲ.

‘ಅದು ಒಪ್ಕೊಂಡು ನಿಂತಿಲ್ಲ ಕಣೋ. ಕೈಚೆಲ್ಲಿ ನಿಂತಿದೆ. ನಾಳೆ ಬೆಳಿಗ್ಗೆ ನೀನು ಹತ್ರ ಹೋಗು, ಗೊತ್ತಾಗುತ್ತೆ.’

ಮರುದಿನ ನೆನೆಸಿದ ಹುರುಳಿ ಹಿಡಿದು ಲಾಯಕ್ಕೆ ಹೋದೆ. ನಾನು ಪಿಯುಸಿಯಲ್ಲಿದ್ದಾಗಿನಿಂದ ದಿನಾ ಬೆಳಿಗ್ಗೆ ಅದಕ್ಕೆ ಹುರುಳಿ ಹಾಕುವವನು ನಾನೇ. ನನ್ನ ಹೆಜ್ಜೆ ಸಪ್ಪಳಕ್ಕೆ ಕೆನೆಯುತ್ತಿದ್ದ ಕುದುರೆ ಅವತ್ತು ಗೋಡೆಗೆ ಒತ್ತಿಕೊಂಡು ನಿಂತಿತು. ಅದರ ಹೆದರಿಕೆಯ ಪಟ್ಟಿಗೆ ಟಾರ್ಪಾಲು, ಕೊಡೆ, ಫ್ಲೆಕ್ಸ್‌ಗಳ ಜತೆಗೆ ಈಗ ನಾನೂ ಸೇರಿದ್ದೆ. ಬುಟ್ಟಿಯನ್ನು ಅಲ್ಲೇ ಇಟ್ಟು ಹೊರಗೆ ಬಂದು ಅತ್ತೆ. ಇದನ್ನು ಬರೆಯಲು ನಾಚಿಕೆಯೇನೂ ಇಲ್ಲ.

ಕುದುರೆಯ ಕಣ್ಣಿನಿಂದ ನೋಡಿದರೆ

ದಫೇದಾರ್ ತಾತನ ಬಳಿ ಹೋಗಿ ಕಲಿಸಿಕೊಡಿ ಎಂದು ಕೇಳಿದೆ. ಮೊದಲ ಮೂರು ದಿನ ಟಾರ್ಪಾಲಿನ ಮಾತೇ ಇಲ್ಲ. ‘ಬರೀ ರಾಣಿಯನ್ನ ನೋಡು’ ಎಂದರು.

ನೋಡುತ್ತಾ, ಓದುತ್ತಾ ತಿಳಿದದ್ದಿಷ್ಟು. ಕುದುರೆ ಹುಲ್ಲುಗಾವಲಿನ ಪ್ರಾಣಿ. ಹುಲಿ, ತೋಳಗಳಿಂದ ಓಡಿಯೇ ಜೀವ ಉಳಿಸಿಕೊಂಡು ಬಂದ ಜಾತಿ. ಮೊದಲು ಓಡು, ಆಮೇಲೆ ಯೋಚಿಸು ಎಂಬುದು ಅದರ ರಕ್ತದಲ್ಲೇ ಇದೆ. ಅದನ್ನು ಹುಚ್ಚು, ಹಟ ಎನ್ನುವುದು ನಮ್ಮ ತಪ್ಪು.

ಅದರ ಕಣ್ಣುಗಳು ತಲೆಯ ಎರಡು ಪಕ್ಕದಲ್ಲಿವೆ. ತಲೆ ತಿರುಗಿಸದೆಯೇ ಸುಮಾರು 350 ಡಿಗ್ರಿಯಷ್ಟು ಸುತ್ತಲನ್ನೂ ನೋಡಬಲ್ಲದು. ಕಾಣದೆ ಉಳಿಯುವುದು ಬಾಲದ ನೇರ ಹಿಂದೆ ಮತ್ತು ಹಣೆಯ ಮುಂದಿನ ಸ್ವಲ್ಪ ಜಾಗ. ಅಂದರೆ ನಾನು ಟಾರ್ಪಾಲು ಕೊಡವಿದ್ದು ಅದಕ್ಕೆ ಸರಿಯಾಗಿ ಕಾಣದ ಜಾಗದಲ್ಲೇ! ನೀಲಿ, ಹಳದಿ ಬಣ್ಣಗಳನ್ನು ಕುದುರೆ ಚೆನ್ನಾಗಿ ಗುರುತಿಸುತ್ತದೆ. ಕೆಂಪು, ಹಸಿರಿನ ವ್ಯತ್ಯಾಸ ಅದಕ್ಕೆ ಕಷ್ಟ. ಬೆಳಕಿನಿಂದ ಕತ್ತಲಿಗೆ ಬಂದಾಗ ಅದರ ಕಣ್ಣು ಹೊಂದಿಕೊಳ್ಳಲು ನಮ್ಮದಕ್ಕಿಂತ ಹೆಚ್ಚು ಹೊತ್ತು ಬೇಕು. ಹಾಗಾಗಿ ಬಿಸಿಲಿನ ರಸ್ತೆಯಲ್ಲಿ ಕಾಣುವ ಕಪ್ಪು ನೆರಳೋ ನೀರಿನ ಮಡುವೋ ಅದಕ್ಕೆ ಗುಂಡಿಯಂತೆ ಕಂಡರೆ ಅಚ್ಚರಿಯಿಲ್ಲ.

ಟಾಂಗಾ ಕುದುರೆಗೆ ಕಣ್ಣುಪಟ್ಟಿ ಕಟ್ಟುವುದು ಅಕ್ಕಪಕ್ಕದ್ದು ಕಾಣದೆ ನೇರ ನಡೆಯಲಿ ಎಂದು. ಅದರಿಂದ ಅನುಕೂಲ ಇದೆ. ಆದರೆ ಒಮ್ಮೆ ಬೆದರಿದ ಕುದುರೆಗೆ, ಸದ್ದು ಕೇಳಿಸಿ ಅದರ ಮೂಲ ಕಾಣಿಸದಿದ್ದರೆ ಭಯ ಇಮ್ಮಡಿ. ಆದ್ದರಿಂದ ಕಲಿಕೆ ಕಣ್ಣುಪಟ್ಟಿ ಇಲ್ಲದೆಯೇ ಆಗಬೇಕು. ಪಟ್ಟಿ ಕಟ್ಟುವುದು ಕೊನೆಗೆ ಎಂದರು ದಫೇದಾರ್ ತಾತ.

ಹೆದರಿಕೆ ಓಟಕ್ಕಿಂತ ಬಹಳ ಮೊದಲೇ ಶುರುವಾಗುತ್ತದೆ ಎಂಬುದನ್ನೂ ಆಗಲೇ ಕಲಿತೆ. ಮೊದಲು ಕಿವಿ ಎರಡೂ ಆ ಕಡೆಗೆ ನಿಮಿರುತ್ತವೆ. ಆಮೇಲೆ ಕೊರಳು ಎತ್ತರಿಸುತ್ತದೆ, ಮೂಗಿನ ಹೊಳ್ಳೆ ಅರಳುತ್ತದೆ, ಬಾಲ ಒತ್ತಿಕೊಳ್ಳುತ್ತದೆ. ಇದಾದ ಮೇಲೆಯೇ ಕಾಲು ಹಿಂದೆ ಸರಿಯುವುದು. ಸಮಾಧಾನವಾದಾಗ ಕೊರಳು ತಾನಾಗಿ ಕೆಳಗಿಳಿಯುತ್ತದೆ, ಮೂಗಿನಿಂದ ದೀರ್ಘ ಉಸಿರು ಬರುತ್ತದೆ, ಬಾಯಿ ಚಪ್ಪರಿಸುತ್ತದೆ. ಕೆಳದವಡೆಯ ಅಂಚಿನಲ್ಲಿ ಬೆರಳಿಟ್ಟರೆ ನಾಡಿ ಸಿಗುತ್ತದೆ. ಸುಮ್ಮನೆ ನಿಂತ ಕುದುರೆಗೆ ನಿಮಿಷಕ್ಕೆ 28ರಿಂದ 44 ಬಡಿತ. ನಾನು ಹಳೆಯ ಲ್ಯಾಬ್ ರೆಕಾರ್ಡ್ ಪುಸ್ತಕದ ಖಾಲಿ ಹಾಳೆಗಳಲ್ಲಿ ದಿನಾಂಕ, ದೂರ, ನಾಡಿ ಬರೆಯತೊಡಗಿದೆ. ನಾಲ್ಕನೇ ದಿನದ ಮೊದಲ ಸಾಲು: ‘ವಿಶ್ರಾಂತಿಯಲ್ಲಿ 36. ಮಡಿಸಿದ ಟಾರ್ಪಾಲು 40 ಅಡಿ ದೂರದಲ್ಲಿ, 52.’

ಅಡಿ ಅಡಿಯಾಗಿ

ದಫೇದಾರ್ ತಾತ ಕೊಟ್ಟ ನಿಯಮ ಒಂದೇ: ‘ಅದು ಹಿಂದೆ ಸರಿಯೋ ಮೊದಲೇ ನೀನು ಹಿಂದೆ ಸರಿ.’

ಮಡಿಸಿದ ಟಾರ್ಪಾಲನ್ನು ಹಿತ್ತಲಿನ ಆ ತುದಿಯಲ್ಲಿ ಇಡುವುದು. ಸಡಿಲ ಹಗ್ಗದಲ್ಲಿ ರಾಣಿಯನ್ನು ನಡೆಸಿಕೊಂಡು ಅದರತ್ತ ಹೋಗುವುದು. ಹಗ್ಗವನ್ನು ಕೈಗೆ ಸುತ್ತಿಕೊಳ್ಳಬಾರದು, ಮುಂದೆ ನಿಲ್ಲಬಾರದು, ಭುಜದ ಪಕ್ಕದಲ್ಲೇ ಇರಬೇಕು. ಕಿವಿ ನಿಮಿರಿದ ಜಾಗದಲ್ಲಿ ನಿಲ್ಲುವುದು. ಮಾತಿಲ್ಲ, ಜಗ್ಗುವುದಿಲ್ಲ. ಕೊರಳು ಒಂದು ಗೇಣು ಕೆಳಗಿಳಿದರೆ ಆ ಕ್ಷಣವೇ ತಿರುಗಿ ದೂರ ಹೋಗುವುದು. ಕುದುರೆಗೆ ಬಹುಮಾನ ಹುರುಳಿಯಲ್ಲ, ಆ ದೂರ. ನಾನು ಶಾಂತವಾಗಿದ್ದರೆ ಇವರು ನನ್ನನ್ನು ಇಲ್ಲಿಂದ ಕರೆದೊಯ್ಯುತ್ತಾರೆ ಎಂಬ ನಂಬಿಕೆ ಹುಟ್ಟಬೇಕು. ಅದು ಹುಟ್ಟಿದ ಮೇಲೆ ಹತ್ತಿರ ಹೋಗಲು ಅದಕ್ಕೇ ಧೈರ್ಯ ಬರುತ್ತದೆ.

ದಿನಕ್ಕೆ ಹದಿನೈದು ನಿಮಿಷ, ಅಷ್ಟೇ. ಮೊದಲ ವಾರ 40 ಅಡಿ 25 ಅಡಿಗೆ ಇಳಿಯಿತು. ಎರಡನೇ ವಾರ ಒಂದು ಉಪಾಯ ಹೇಳಿಕೊಟ್ಟರು. ನನ್ನ ತಮ್ಮ ಮಡಿಸಿದ ಟಾರ್ಪಾಲನ್ನು ನೆಲದ ಮೇಲೆ ಎಳೆದುಕೊಂಡು ಮುಂದೆ ಹೋಗಬೇಕು, ನಾವು ದೂರದಿಂದ ಹಿಂಬಾಲಿಸಬೇಕು. ತನ್ನತ್ತ ಬರುವ ವಸ್ತು ಕುದುರೆಗೆ ಬೇಟೆಗಾರ. ತನ್ನಿಂದ ದೂರ ಓಡುವ ವಸ್ತುವಿನ ಮೇಲೆ ಕುತೂಹಲ! ಮೂರನೇ ದಿನ ರಾಣಿ ತಾನಾಗಿಯೇ ಹೆಜ್ಜೆ ಚುರುಕು ಮಾಡಿತು. ಐದನೇ ದಿನ ಮೂತಿ ಚಾಚಿ ಟಾರ್ಪಾಲಿನ ತುದಿಯನ್ನು ಮೂಸಿ, ಬುಸ್ಸೆಂದು ಉಸಿರು ಬಿಟ್ಟು, ಮತ್ತೆ ಮೂಸಿತು. ನಾನು ಕೂಗಿಕೊಳ್ಳದೆ ಇರಲು ತುಟಿ ಕಚ್ಚಿಕೊಂಡಿದ್ದೆ.

ಎಡಗಡೆಯಿಂದ ಒಪ್ಪಿಕೊಂಡದ್ದನ್ನು ಬಲಗಡೆಯಿಂದ ಮತ್ತೆ ಹೊಸದಾಗಿ ಕಲಿಸಬೇಕಾಯಿತು. ಆಮೇಲೆ ಮಡಿಕೆ ಒಂದೊಂದಾಗಿ ಬಿಚ್ಚಿದೆವು. ಬಿಚ್ಚಿದ ಹಾಳೆಯ ನಡುವೆ ಹುರುಳಿಯ ಬೋಗುಣಿ ಇಟ್ಟೆವು. ಅದು ಮುಂಗಾಲೊಂದನ್ನು ಇಟ್ಟು, ಚರಚರ ಸದ್ದಿಗೆ ತೆಗೆದು, ಮತ್ತೆ ಇಟ್ಟಿತು. ಪುಸ್ತಕದಲ್ಲಿ ನಾಡಿ 44ಕ್ಕೆ ಬಂದಿತ್ತು.

ನಾಲ್ಕನೇ ವಾರ ಎಲ್ಲ ನೆಲಸಮ. ಪಕ್ಕದ ಮನೆಯ ಪುಟ್ಟ ಹುಡುಗಿ ಶಾಲೆಯಿಂದ ಬಂದವಳು ಗೇಟಿನ ಬಳಿ ಫಟ್ಟೆಂದು ಕೊಡೆ ಬಿಚ್ಚಿದಳು. ರಾಣಿ ಹಗ್ಗ ಕಿತ್ತುಕೊಂಡು ಲಾಯ ಸೇರಿತು. ಮರುದಿನ ಮಡಿಸಿದ ಟಾರ್ಪಾಲಿಗೇ ಮತ್ತೆ 30 ಅಡಿ ದೂರದಲ್ಲಿ ನಿಂತಿತು. ತಿಂಗಳ ಶ್ರಮ ನೀರಲ್ಲಿ ಹೋಯಿತು ಎಂದೆ. ದಫೇದಾರ್ ತಾತ ನಕ್ಕರು. ‘ನಿನ್ನೆಯ ಕುದುರೆಗೆ ಪಾಠ ಹೇಳಬೇಡ. ಇವತ್ತಿನ ಕುದುರೆ ಎಲ್ಲಿ ನಿಂತಿದೆಯೋ ಅಲ್ಲಿಂದ ಶುರು ಮಾಡು.’ ಶುರು ಮಾಡಿದೆವು. ಮೊದಲ ಸಲ ಮೂರು ವಾರ ಹಿಡಿದದ್ದು ಈ ಸಲ ಆರು ದಿನದಲ್ಲಿ ಮುಗಿಯಿತು. ಕಲಿತದ್ದು ಕಳೆದುಹೋಗಿರಲಿಲ್ಲ, ಹೆದರಿಕೆಯ ಕೆಳಗೆ ಮುಚ್ಚಿಹೋಗಿತ್ತು ಅಷ್ಟೇ.

ಹಳೆಯ ಪಾಠವೇ

ಇದೇನೂ ಹೊಸ ವಿದ್ಯೆಯಲ್ಲ. ಗ್ರೀಸಿನ ಕ್ಸೆನೊಫೋನ್ ಸುಮಾರು 2,400 ವರ್ಷಗಳ ಹಿಂದೆಯೇ ಕುದುರೆ ಸವಾರಿಯ ಬಗ್ಗೆ ಪುಸ್ತಕ ಬರೆದ. ಬೆದರಿದ ಕುದುರೆಯನ್ನು ಹೊಡೆದು ಆ ವಸ್ತುವಿನ ಹತ್ತಿರ ಒಯ್ದರೆ, ನೋವಿಗೂ ಆ ವಸ್ತುವೇ ಕಾರಣ ಎಂದುಕೊಂಡು ಅದು ಇನ್ನಷ್ಟು ಹೆದರುತ್ತದೆ ಎಂದು ಅವನು ಎಚ್ಚರಿಸಿದ್ದಾನೆ. ಅಲೆಕ್ಸಾಂಡರ್ ಹುಡುಗನಾಗಿದ್ದಾಗ ಯಾರಿಗೂ ಬಗ್ಗದ ಬ್ಯುಸೆಫಲಸ್ ಎಂಬ ಕುದುರೆಯನ್ನು ಪಳಗಿಸಿದ ಕಥೆಯನ್ನು ಪ್ಲುಟಾರ್ಕ್ ಹೇಳುತ್ತಾನೆ. ಅದು ತನ್ನ ನೆರಳಿಗೇ ಬೆದರುತ್ತಿದೆ ಎಂಬುದನ್ನು ಗಮನಿಸಿದ ಹುಡುಗ, ಅದರ ಮುಖವನ್ನು ಸೂರ್ಯನತ್ತ ತಿರುಗಿಸಿದನಂತೆ. ದೊಡ್ಡವರೆಲ್ಲ ಕುದುರೆಯ ಹಟವನ್ನು ನೋಡಿದರು, ಅವನು ಅದರ ಹೆದರಿಕೆಯನ್ನು ನೋಡಿದ.

ಅಷ್ಟು ದೂರ ಯಾಕೆ, ಮೈಸೂರಿನವರಿಗೆ ಇದು ಪ್ರತಿವರ್ಷ ಕಣ್ಣೆದುರೇ ನಡೆಯುವ ಸಂಗತಿ. ಜಂಬೂ ಸವಾರಿಯ ದಿನ 21 ಕುಶಾಲತೋಪು ಹಾರಿಸುತ್ತಾರೆ. ಆ ಸದ್ದಿಗೆ ಆನೆ, ಕುದುರೆಗಳು ಬೆದರದಿರಲಿ ಎಂದು ದಸರಾಕ್ಕೆ ಮುಂಚೆಯೇ ಫಿರಂಗಿ ಸಿಡಿಸಿ ತಾಲೀಮು ಕೊಡುತ್ತಾರೆ. ಅದೂ ಒಂದೇ ಸಲವಲ್ಲ, ಬೇರೆ ಬೇರೆ ದಿನಗಳಲ್ಲಿ ಹಲವು ಸಲ. ಚಿಕ್ಕಂದಿನಿಂದ ಅದನ್ನು ನೋಡಿದ್ದೆ. ಮೊದಲ ದಿನ ಬೆಚ್ಚಿ ಹಿಂದೆ ಸರಿದ ಕುದುರೆ ಮುಂದಿನ ತಾಲೀಮುಗಳಲ್ಲಿ ಕಿವಿಯನ್ನಷ್ಟೇ ಅಲುಗಿಸಿ ನಿಲ್ಲುವುದನ್ನೂ ಕಂಡಿದ್ದೆ. ಅದರ ಹಿಂದೆ ಲಾಯದಲ್ಲಿ ಎಷ್ಟು ದಿನಗಳ ತಾಳ್ಮೆ ಇರುತ್ತದೆ ಎಂದು ಮಾತ್ರ ಯೋಚಿಸಿರಲಿಲ್ಲ.

ನನ್ನ ಟಾರ್ಪಾಲು

ಈಗ ನನ್ನ ಬಗ್ಗೆ ಒಂದು ವಿಷಯ ಹೇಳಬೇಕು. ಮೂರನೇ ಸೆಮಿಸ್ಟರ್‌ನಲ್ಲಿ ಸೆಮಿನಾರ್ ಕೊಡಲು ನಿಂತವನು ಎರಡನೇ ಸ್ಲೈಡ್‌ನಲ್ಲೇ ಮಾತು ನಿಲ್ಲಿಸಿದ್ದೆ. ನಾನು ಓದಿದ್ದು ಹತ್ತನೇ ತರಗತಿಯವರೆಗೂ ಕನ್ನಡ ಮಾಧ್ಯಮದಲ್ಲಿ. ಇಂಗ್ಲಿಷ್ ವಾಕ್ಯ ಅರ್ಧದಲ್ಲೇ ಸಿಕ್ಕಿಕೊಂಡಿತು. ‘ಮುಗಿಸುವವರೆಗೂ ಅಲ್ಲೇ ನಿಂತಿರು’ ಎಂದರು ಮೇಷ್ಟ್ರು. ಒಳ್ಳೆಯದಕ್ಕೇ ಹೇಳಿದ್ದಿರಬಹುದು. ಅರವತ್ತು ಜನರೆದುರು ಹತ್ತು ನಿಮಿಷ ನಿಂತೆ. ಒಂದು ಮಾತೂ ಹೊರಡಲಿಲ್ಲ. ಆಮೇಲೆ ವೈವಾ ಇದ್ದ ದಿನವೆಲ್ಲ ಹೊಟ್ಟೆನೋವು, ಪ್ಲೇಸ್‌ಮೆಂಟ್ ತರಬೇತಿಯ ಗುಂಪು ಚರ್ಚೆ ಇದ್ದ ದಿನ ರಜೆ.

ಬೇವಿನ ಮರಕ್ಕೆ ಕಟ್ಟಿದ ರಾಣಿ ತಲೆ ತಗ್ಗಿಸಿ ನಿಂತದ್ದು ನೆನಪಾದಾಗಲೆಲ್ಲ ನನಗೆ ಆ ಹತ್ತು ನಿಮಿಷ ನೆನಪಾಗುತ್ತಿತ್ತು. ನನಗೆ ಆದದ್ದನ್ನೇ ನಾನು ಅದಕ್ಕೆ ಮಾಡಿದ್ದೆ.

‘ಭಯವನ್ನು ಎದುರಿಸು’ ಎಂದು ನಮ್ಮ ವಯಸ್ಸಿನವರಿಗೆ ಎಲ್ಲರೂ ಹೇಳುತ್ತಾರೆ. ಎಷ್ಟು ಅಡಿ ದೂರದಿಂದ ಎಂದು ಯಾರೂ ಹೇಳುವುದಿಲ್ಲ. ಐದನೇ ಸೆಮಿಸ್ಟರ್ ಶುರುವಾದಾಗ ನಾನು ನನ್ನ 40 ಅಡಿ ಹುಡುಕಿಕೊಂಡೆ. ಮೊದಲ ವಾರ ಗುಂಪು ಚರ್ಚೆಗೆ ಹೋಗಿ ಸುಮ್ಮನೆ ಕೂತು ಬಂದೆ. ಎರಡನೇ ವಾರ ಬೇರೆಯವರ ಮಾತಿಗೆ ‘ಐ ಅಗ್ರೀ’ ಎಂದೆ. ಮೂರನೇ ವಾರ ಒಂದು ಪೂರ್ತಿ ವಾಕ್ಯ. ಹಾಸ್ಟೆಲಿನ ಗೆಳೆಯನೊಬ್ಬನ ಮುಂದೆ ಸೆಮಿನಾರನ್ನು ಆರು ಸಲ ಹೇಳಿ ಒಪ್ಪಿಸಿದೆ. ಮಾತು ಸಿಕ್ಕಿಕೊಂಡರೆ ನಿಲ್ಲಿಸಿ ಚಹಾ ಕುಡಿಯುವುದು ಎಂದು ಒಪ್ಪಂದ. ತರಗತಿಯಲ್ಲಿ ಸೆಮಿನಾರ್ ಕೊಟ್ಟ ದಿನ ಧ್ವನಿ ನಡುಗಿತು. ಆದರೆ ಹನ್ನೊಂದು ಸ್ಲೈಡೂ ಮುಗಿದವು.

ಇದರಿಂದ ನನಗೆ ಕೆಲಸ ಸಿಗುತ್ತದೋ ಇಲ್ಲವೋ ಗೊತ್ತಿಲ್ಲ. ಬಾಗಿಲ ಹೊರಗೇ ನಿಂತು ವಾಪಸ್ ಬರುವುದು ಮಾತ್ರ ನಿಂತಿದೆ.

ಆ ಮೂರು ಸೆಕೆಂಡು

ದಸರಾಕ್ಕೆ ಹತ್ತು ದಿನ ಇದ್ದಾಗ ರಾಣಿಗೆ ಕಣ್ಣುಪಟ್ಟಿ ಕಟ್ಟಿ, ಖಾಲಿ ಗಾಡಿ ಹೂಡಿದೆವು. ಅದಕ್ಕೂ ಮೊದಲು ಒಂದು ವಾರ ಗಾಡಿಯಿಲ್ಲದೆ ಬೀದಿಗಳಲ್ಲಿ ನಡೆಸಿದ್ದೆವು. ಬೆಳಿಗ್ಗೆ ಆರು ಗಂಟೆ, ವಾಹನಗಳು ಕಡಿಮೆ. ತಾತನ ಪ್ಲಾಸ್ಟರ್ ಬಿಚ್ಚಿದ್ದರೂ ಕೈಗೆ ಬಲ ಬಂದಿರಲಿಲ್ಲ. ಲಗಾಮು ನನ್ನ ಕೈಯಲ್ಲಿತ್ತು, ತಾತ ಪಕ್ಕದಲ್ಲಿ. ದಫೇದಾರ್ ತಾತ ರಾಣಿಯ ಭುಜದ ಬಳಿ ನಡೆದು ಬರುತ್ತಿದ್ದರು.

ತಿರುವಿನಲ್ಲಿ ಹೂವಿನ ಅಂಗಡಿಯೊಂದು ಆಗಷ್ಟೇ ತೆರೆಯುತ್ತಿತ್ತು. ಅದರ ಮಾಡಿಗೆ ಕಟ್ಟಿದ್ದ ನೀಲಿ ಟಾರ್ಪಾಲು ಗಾಳಿಗೆ ಪಟಪಟ ಎಂದಿತು.

ರಾಣಿ ನಿಂತಿತು. ಕಿವಿ ಎರಡೂ ಆ ಕಡೆಗೆ. ಕೊರಳು ಎತ್ತರಿಸಿತು. ತಾತನ ಎಡಗೈ ಚಾಟಿಯತ್ತ ಹೋದದ್ದು ಕಂಡಿತು. ನಲವತ್ತು ವರ್ಷದ ಅಭ್ಯಾಸ. ಆದರೆ ಕೈ ಅರ್ಧದಲ್ಲೇ ನಿಂತಿತು. ನಾನು ಲಗಾಮು ಸಡಿಲ ಬಿಟ್ಟೆ. ಒಂದು, ಎರಡು, ಮೂರು. ರಾಣಿ ತಲೆಯನ್ನು ಸ್ವಲ್ಪ ತಿರುಗಿಸಿ ಟಾರ್ಪಾಲನ್ನು ಸರಿಯಾಗಿ ನೋಡಿತು. ದೀರ್ಘವಾಗಿ ಉಸಿರು ಬಿಟ್ಟು, ಕೊರಳು ಇಳಿಸಿ, ಮುಂದಕ್ಕೆ ಹೆಜ್ಜೆ ಇಟ್ಟಿತು. ಲಾಳದ ಟಕಟಕ ಸದ್ದು ಮತ್ತೆ ಶುರುವಾಯಿತು.

ತಾತ ಏನೂ ಹೇಳಲಿಲ್ಲ. ಬಲಗೈಯಿಂದ ಕಣ್ಣೊರೆಸಿಕೊಳ್ಳಲು ಹೋಗಿ ನೋವಾಗಿ, ಎಡಗೈಯಿಂದ ಒರೆಸಿಕೊಂಡರು.

ರಾಣಿಯ ಹೆದರಿಕೆ ಪೂರ್ತಿ ಹೋಗಿಲ್ಲ. ಇವತ್ತಿಗೂ ಟಾರ್ಪಾಲು ಕಂಡರೆ ಮೂರು ಸೆಕೆಂಡು ನಿಲ್ಲುತ್ತದೆ. ಹಿಂದಿನ ಆಟೊದವರು ಹಾರ್ನ್ ಹೊಡೆಯುತ್ತಾರೆ. ‘ಸ್ವಲ್ಪ ತಡೀರಿ ಸ್ವಾಮಿ, ಅವಳು ನೋಡ್ಕೊಳ್ಳಲಿ’ ಎನ್ನುತ್ತಾರೆ ತಾತ. ಜನ ತುಂಬಿದ ಜಂಬೂ ಸವಾರಿಯ ದಿನ ಅದನ್ನು ಹೊರಗೆ ತರಲಿಲ್ಲ. ಅದು ಇನ್ನೂ ಅದರ 40 ಅಡಿಯ ಆಚೆಗಿನ ಮಾತು. ದಸರಾ ಮುಗಿದ ಮೇಲೆ ಮದುವೆ ಕುದುರೆಯವರು ಫೋನ್ ಮಾಡಿದರು. ಅಪ್ಪನೇ ತೆಗೆದುಕೊಂಡು, ‘ಇಲ್ಲ ಅಣ್ಣಾ, ಅದು ಕೆಲಸದಲ್ಲಿದೆ’ ಎಂದರು.

ನನ್ನ ಲ್ಯಾಬ್ ರೆಕಾರ್ಡ್ ಪುಸ್ತಕದಲ್ಲಿ ಇನ್ನೂ ಹಾಳೆಗಳಿವೆ. ಈಗ ಕೊಡೆಯ ಸರದಿ. ನಿನ್ನೆಯ ಸಾಲು: ‘ಬಿಚ್ಚಿದ ಕೊಡೆ, 15 ಅಡಿ. ನಾಡಿ 40.’ ಕೊಡೆ ಹಿಡಿದು ನಿಲ್ಲುವವಳು ಪಕ್ಕದ ಮನೆಯ ಆ ಪುಟ್ಟ ಹುಡುಗಿಯೇ.